ಹಡಗು ಒಡೆದ ಕಥೆ ಸಾಕು, ಪೆಟ್ಟಿಗೆ ತೆಗೀರಿ

ಅಲಿಬಾಗ್ ಹತ್ರ ನವಗಾಂವ್ ಕಡಲಲ್ಲಿ ಹಡಗು ಒಡೀತು, ಏಳು ಗಂಡಸ್ರು ಏಳು ಹೆಂಗಸ್ರು ಮಾತ್ರ ಉಳ್ಕೊಂಡ್ರು, ಸತ್ತವರನ್ನ ಅಲ್ಲೇ ದಡದಲ್ಲಿ ಹೂತ್ರು. ಬೆನೆ ಇಸ್ರೇಲ್, ಅಂದ್ರೆ ಕೊಂಕಣದ ಮರಾಠಿ ಮಾತಾಡೋ ಯಹೂದಿಗಳು, ನಾವು ಇಲ್ಲಿಗೆ ಬಂದಿದ್ದು ಹೀಗೆ ಅಂತ ಹೇಳೋ ಈ ಕಥೆ ಇರೋ ರೆಕಾರ್ಡಿಂಗ್ ನನ್ನ ಹಾರ್ಡ್ ಡಿಸ್ಕಲ್ಲಿ ಎಷ್ಟಿದೆ ಅಂತ ಎಣಿಸೋದೇ ಬಿಟ್ಟಿದೀನಿ. ಬೆನೆ ಇಸ್ರೇಲ್ ಯಹೂದಿ ಮನೆಗಳ ಮಕ್ಕಳು ಮೊಮ್ಮಕ್ಕಳು, ಠಾಣೆಯಿಂದಲೋ ಇಸ್ರೇಲಿನ ಅಶ್ದೋದ್‌ನಿಂದಲೋ, ಫೈಲ್ ಕಳಿಸ್ತಾರೆ, ಆಜಿ (ಮರಾಠೀಲಿ ಅಜ್ಜಿ) ಇಂಟರ್‌ವ್ಯೂ ಮಾಡಿದೀವಿ ಸರ್ ಇಟ್ಕೊಳ್ಳಿ ಅಂತ. ಹಾಕಿ ಕೇಳಿದ್ರೆ ಮೊದಲನೇ ಪ್ರಶ್ನೆನೇ "ಆಜಿ, ನಮ್ಮ ಸಮಾಜದ ಇತಿಹಾಸ ಹೇಳು". ಪಾಪ ಆಜಿ ಏನ್ ಹೇಳ್ತಾರೆ, ಗಂಟಲು ಸರಿ ಮಾಡ್ಕೊಂಡು ಹಡಗಿನ ಕಥೆ ಶುರು ಮಾಡ್ತಾರೆ. ಅವರು ಹುಟ್ಟಿದ ಮನೆ ಯಾವ ಗಲ್ಲಿಲಿತ್ತು, ಅಪ್ಪ ಎಲ್ಲಿ ಕೆಲಸಕ್ಕೆ ಹೋಗ್ತಿದ್ರು, ಒಂದಕ್ಷರ ಇರಲ್ಲ.

ಆ ಕಥೆ ಬೇಡ ಅಂತಲ್ಲ. ಅದು ಅವರ ಕಥೆ, ಪ್ರೀತಿಯಿಂದ ಹೇಳ್ತಾರೆ. ಆದ್ರೆ ಅದು ಅಚ್ಚಾಗಿ ನೂರು ವರ್ಷದ ಮೇಲಾಯ್ತು, ಎಲ್ಲೂ ಹೋಗಲ್ಲ. ಆಜಿ ತಲೇಲಿ ಮಾತ್ರ ಇರೋದು ಹೋಗತ್ತೆ. 1951ರ ಜನಗಣತಿ ಹೊತ್ತಿಗೆ ದೇಶದಲ್ಲಿ ಇಪ್ಪತ್ತಾರು ಸಾವಿರದಷ್ಟು ಯಹೂದಿಗಳಿದ್ರು, ಅರ್ಧಕ್ಕಿಂತ ಜಾಸ್ತಿ ಬೆನೆ ಇಸ್ರೇಲ್‌ನವರೇ, ಈಗ ಎಲ್ಲ ಪಂಗಡ ಸೇರಿ ಐದು ಸಾವಿರದೊಳಗೆ. ಕೊಂಕಣದ ಹಳ್ಳಿ ಬದುಕು ಕಣ್ಣಾರೆ ಕಂಡವರು ಬೆರಳೆಣಿಕೆ.

ನನ್ನ ಊರು ಬೆಳಗಾವಿ, ಮರಾಠಿ ಬರತ್ತೆ, ಹಾಗಾಗಿ ಇವರ ನೆನಪು, ಕಾಗದ ಕೂಡಿಡೋ ಈ ಕೆಲಸಕ್ಕೆ ಬಿದ್ದೆ. ಎಲ್ರಿಗೂ ಹೇಳೋದು ಒಂದೇ ಮಾತು: ಮನೆಯ ಹಳೇ ಕಾಗದ ಕೈಗೆ ಕೊಟ್ಟು ಮಾತಾಡಿಸಿ. ಇತಿಹಾಸ ಕೇಳಬೇಡಿ, ಪೆಟ್ಟಿಗೆ ತೆಗೆದು ಒಂದೊಂದೇ ಕಾಗದ ಕೊಟ್ಟು "ಇದು ಯಾರದು" ಅಂತ ಕೇಳಿ, ಆಮೇಲೆ ಸುಮ್ನಿರಿ. ಎಲ್ರೂ ತಲೆ ಆಡಿಸ್ತಾರೆ, ಮನೆಗೆ ಹೋಗಿ ಒಂದು ದಿನ ಕಾಗದ ಸ್ಕ್ಯಾನ್ ಮಾಡ್ತಾರೆ, ಇನ್ನೊಂದು ದಿನ ಆಜಿನ ಕೂರಿಸಿ ಹಡಗಿನ ಕಥೆ. ಎರಡನ್ನೂ ಒಟ್ಟಿಗೇ ಮಾಡಿ ಅಂದ್ರೆ ಯಾಕೆ ಕಿವಿಗೆ ಹೋಗಲ್ವೋ.

ಯಾಕೆ ಒಟ್ಟಿಗೆ ಅಂದ್ರೆ, ಈ ಕಾಗದಗಳಲ್ಲಿ ಒಬ್ಬನೇ ಮನುಷ್ಯ ಮೂರು ಹೆಸರಲ್ಲಿರ್ತಾನೆ. ಪೆಣ್ ಊರಿನವರು ಪೆಣಕರ್, ರೋಹಾದವರು ರೋಹೇಕರ್, ಹೀಗೆ ಊರಿನ ಹೆಸರು ಅಡ್ಡಹೆಸರಾಯ್ತು. ಬಾಂಬೆಗೆ ಬಂದ ಮೇಲೆ ಎಷ್ಟೋ ಜನ ಅದನ್ನ ಬಿಟ್ಟು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡ್ಕೊಂಡ್ರು, ಅಣ್ಣನ ಮಕ್ಕಳು ರೋಹೇಕರ್, ತಮ್ಮನ ಮಕ್ಕಳು ಸ್ಯಾಮ್ಯುಯೆಲ್. ಸಾಲದ್ದಕ್ಕೆ ಮನೆ ಹೆಸರು ಸಾಮಾಜಿ, ಸ್ಕೂಲ್ ಸರ್ಟಿಫಿಕೇಟಲ್ಲಿ ಸ್ಯಾಮ್ಯುಯೆಲ್, ಮದುವೆ ಒಪ್ಪಂದದ ಕೆತುಬಾದಲ್ಲಿ ಹೀಬ್ರೂ ಅಕ್ಷರದಲ್ಲಿ ಶ್ಮುಯೆಲ್. ಇವರೆಲ್ಲ ಒಬ್ಬನೇ ಅಂತ ಸ್ಕ್ಯಾನರ್ ಹೇಳಲ್ಲ, ನಾನೂ ಹೇಳೋಕಾಗಲ್ಲ.

ಠಾಣೆಯ ಒಂದು ಮನೇಲಿ ಮೊಮ್ಮಗ ಒಂದು ಹಳೇ ಮಿಲಿಟರಿ ಪೆನ್ಷನ್ ಪುಸ್ತಕ ಪಕ್ಕಕ್ಕೆ ತೆಗೆದಿಟ್ಟಿದ್ದ, ಬೇರೆ ಯಾರದೋ, ನಮ್ಮನೇಲಿ ಮೂಸಾಜಿ ಅಂತ ಯಾರೂ ಇಲ್ಲ ಅಂತ. ಆಜಿ ಕೈಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕ್ಕೊಂಡು ನೋಡಿ "ಅಯ್ಯೋ, ನಮ್ಮಮ್ಮನ ಅಪ್ಪ, ನಿಂಗೆ ಮೋಸಸ್ ಅಂತ ಹೇಳಿದ್ದು ಇವರೇ ಕಣೋ" ಅಂದ್ರು ಮರಾಠೀಲಿ. ಅಲ್ಲಿಂದ ನಿಲ್ಲಲೇ ಇಲ್ಲ. ಪೆನ್ಷನ್ ಬಂದ ಮೇಲೆ ಅಜ್ಜ ಊರಿಗೆ ಹೋಗಿ ಎಣ್ಣೆ ಗಾಣ ಹಾಕಿದ್ದು, ಶುಕ್ರವಾರ ಹೊತ್ತು ಮುಳುಗೋ ಮುಂಚೆ ಎತ್ತು ಬಿಚ್ತಿದ್ದು, ಶನಿವಾರ ಎಣ್ಣೆ ಕೇಳ್ಕೊಂಡು ಬಂದವರು ಗೊಣಗಿಕೊಂಡು ವಾಪಸ್ ಹೋಗ್ತಿದ್ದು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಯಹೂದಿಗಳು ಕೆಲಸ ಮಾಡಬಾರದು, ಹಾಗಾಗಿ ಕೊಂಕಣದಲ್ಲಿ ಇವರನ್ನ ಶನಿವಾರ ತೇಲಿ, ಅಂದ್ರೆ ಶನಿವಾರ ರಜ ಮಾಡೋ ಗಾಣಿಗರು, ಅಂತಿದ್ರು ಅನ್ನೋದು ಎಲ್ಲ ಪುಸ್ತಕದಲ್ಲೂ ಇದೆ, ಆದ್ರೆ ಆ ಎತ್ತಿಗೂ ಶನಿವಾರ ರಜ, ಅವತ್ತು ಅದರ ಕೊರಳಿನ ಗಂಟೆ ಬಿಚ್ಚಿಡ್ತಿದ್ರು ಅನ್ನೋದು ನಂಗೆ ಎಲ್ಲೂ ಸಿಕ್ಕಿರಲಿಲ್ಲ. ಮೊಮ್ಮಗ ಬಾಯಿ ಬಿಟ್ಕೊಂಡು ಕೂತಿದ್ದ.

ತಾರೀಖಿನ ವಿಷ್ಯನೂ ಹಾಗೇ. ಕೆತುಬಾದಲ್ಲಿ 5709 ಅಂತಿದ್ರೆ 3760 ಕಳೆದು 1949 ಅಂತ ಬರೆದು ಬಿಡ್ತಾರೆ. ಹೀಬ್ರೂ ವರ್ಷ ಶುರುವಾಗೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಅಲ್ಲಿಂದ ಡಿಸೆಂಬರ್‌ವರೆಗೆ 3761 ಕಳೀಬೇಕು. ತಿಂಗಳ ಹೆಸರು ಅಳಿಸಿ ಹೋಗಿದ್ರೆ? ಆಜಿ ಹೇಳ್ತಾರೆ, ಅಕ್ಕನ ಮದುವೆ ದೀಪಾವಳಿ ಪಟಾಕಿ ಮುಗಿದ ವಾರ ಅಂತ. ಆಯ್ತು, 1948ರ ನವೆಂಬರ್. ಅಂದಾಜು ಅಂತ ಪಕ್ಕದಲ್ಲಿ ಬರೀರಿ, ನೆನಪು ಜಾರೋದೂ ಇದೆ.

ಕನ್ನಡದವರು ಸಿಕ್ಕಾಗ ಟಿಪ್ಪು ಕಥೆ ಕೇಳ್ತಾರೆ. ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್, ಮನೆ ಹೆಸರು ಸಾಮಾಜಿ ಹಸಾಜಿ, ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕಿ ಬಿಡುಗಡೆಯಾಗಿ ಬಂದು ಬಾಂಬೆಯ ಮೊದಲ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಟ್ಟಿಸಿದ್ರು ಅಂತ ಸಮಾಜ ನಂಬುತ್ತೆ. ಸಿನಗಾಗ್ 1796ರದ್ದು, ಅದು ಇವತ್ತೂ ಇದೆ. ಆದ್ರೆ ಟಿಪ್ಪು ಅವರನ್ನ ಬಿಟ್ಟಿದ್ದು ಯಾಕೆ? ಟಿಪ್ಪು ತಾಯಿ ಇವರು ಕುರಾನಲ್ಲಿ ಬರೋ ಬನಿ ಇಸ್ರಾಯಿಲ್ ಅಂತ ತಿಳಿದು ಕೊಲ್ಲಬೇಡ ಅಂದ್ರು ಅಂತ ಒಂದು ಮಾತಿದೆ. ನಿಜವಾ ಅಂತ ಕೇಳಬೇಡಿ. ನಾನು ಬರ್ಕೊಳ್ಳೋದು ಯಾರು ಹೇಳಿದ್ರು, ಅವರಿಗೆ ಯಾರು ಹೇಳಿದ್ರು ಅನ್ನೋದು.

ಒಂದು ಎಚ್ಚರಿಕೆ. "ನಾವು ಶುದ್ಧ ಯಹೂದಿನಾ, ಪ್ರೂಫ್ ಇದೆಯಾ" ಅಂತ ಹಿರಿಯರನ್ನ ಕ್ಯಾಮೆರಾ ಮುಂದೆ ಕೇಳಲೇಬೇಡಿ. 1962ರಿಂದ 64ರವರೆಗೆ ಇಸ್ರೇಲಲ್ಲಿ ಇವರ ಮದುವೆಗೆ ವಂಶ ವಿಚಾರಣೆ ಮಾಡಿ ಅಂತ ಧರ್ಮಾಧಿಕಾರಿಗಳು ಹೊರಡಿಸಿದ ಆದೇಶಕ್ಕೆ ಜನ ಜೆರುಸಲೇಮಲ್ಲಿ ಬೀದಿಗಿಳಿದಿದ್ರು. ಆ ಗಾಯ ಇರೋರು ಈ ಪ್ರಶ್ನೆ ಬಂದ ತಕ್ಷಣ ಮೌನ ಆಗ್ತಾರೆ, ಇಂಟರ್‌ವ್ಯೂ ಅಲ್ಲಿಗೇ ಮುಗೀತು. ವಲಸೆಗೆ ಈ ಕಾಗದ ನಡಿಯತ್ತಾ ಅಂತಲೂ ನನ್ನ ಕೇಳಬೇಡಿ, ಅದು ವಕೀಲರ ಕೆಲಸ.

ಕಾಗದಕ್ಕೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ, ಒರಿಜಿನಲ್ ಯಾರಿಗೂ ಕೊಡಬೇಡಿ, ನಂಗೂ. ಆಡಿಯೋ ವಾಟ್ಸಾಪಲ್ಲಿ ಕಳಿಸಿದ್ರೆ ಕ್ವಾಲಿಟಿ ಹೋಗತ್ತೆ, ಡ್ರೈವಲ್ಲಿ ಹಾಕಿ. ಹರಿದ ಪ್ರಾರ್ಥನೆ ಪುಸ್ತಕ ರದ್ದಿಗೆ ಹಾಕೋದಂತೂ ಇಲ್ಲ, ಸಂಪ್ರದಾಯ ಪ್ರಕಾರ ಅವನ್ನ ಸ್ಮಶಾನದಲ್ಲಿ ಹೂಳ್ತಾರೆ, ಅದಕ್ಕೆ ಮೊದಲು ಒಳಗಿನ ಖಾಲಿ ಪುಟಗಳ ಫೋಟೋ ತಗೊಳ್ಳಿ, ಮಕ್ಕಳು ಹುಟ್ಟಿದ ತಾರೀಖು ಅಲ್ಲೇ ಬರೆದಿಟ್ಟಿರ್ತಾರೆ. ಆಮೇಲೆ ದಯವಿಟ್ಟು ಶನಿವಾರ ರೆಕಾರ್ಡಿಂಗ್‌ಗೆ ಬನ್ನಿ ಅಂತ ನನ್ನ ಕರೀಬೇಡಿ, ಯಹೂದಿ ಮನೆಯವರೇ ಹಾಗೆ ಕರೀತಾರೆ ಅನ್ನೋದು ನಂಗಿನ್ನೂ ಅರ್ಥ ಆಗಿಲ್ಲ. ಭಾನುವಾರ ಮಧ್ಯಾಹ್ನ ಆಗತ್ತೆ, ಆಜಿ ಊಟ ಮಾಡಿ ಮಲಗಿ ಎದ್ದ ಮೇಲೆ.