ಶೋಪೆನ್‌ಹಾವರ್ ಓದುವಾಗ: ಇಚ್ಛೆ, ದುಃಖ, ಕರುಣೆ

ಪಾಶ್ಚಾತ್ಯ ತತ್ತ್ವಶಾಸ್ತ್ರದ ಗೈಡುಗಳಲ್ಲಿ ಆರ್ಥರ್ ಶೋಪೆನ್‌ಹಾವರ್‌ಗೆ ಸಿಗುವ ಜಾಗ ಬಹಳ ಕಡಿಮೆ. "ನಿರಾಶಾವಾದಿ, ಬದುಕು ದುಃಖಮಯ ಎಂದವನು" ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಹಾಗೆ ಓದಿದರೆ ಆತ ಯಾಕೆ ಹಾಗಂದ ಎಂಬುದೇ ಬಿಟ್ಟುಹೋಗುತ್ತದೆ. ದುಃಖದ ಮಾತಿಗೆ ಆತ ನೇರವಾಗಿ ಬರುವುದಿಲ್ಲ. ಅರಿವು ಎಂದರೇನು, ಮೈ ಎಂದರೇನು ಎಂಬಲ್ಲಿಂದ ಹೊರಟು ಒಂದೊಂದೇ ಮೆಟ್ಟಿಲು ಹತ್ತಿ ಅಲ್ಲಿಗೆ ತಲುಪುತ್ತಾನೆ. ಯಾವ ಮೆಟ್ಟಿಲು ಗಟ್ಟಿ, ಯಾವುದು ಅಲುಗಾಡುತ್ತದೆ ಎಂದು ತುಳಿದು ನೋಡಿದ ಮೇಲೆಯೇ ಆತನನ್ನು ಒಪ್ಪಲಿಕ್ಕಾಗಲಿ ಬಿಡಲಿಕ್ಕಾಗಲಿ ನಮಗೆ ಹಕ್ಕು.

ಬದುಕಿನ ಬಗ್ಗೆ ಬೇಕಾದಷ್ಟು ಮಾತ್ರ. ಹುಟ್ಟಿದ್ದು 1788ರಲ್ಲಿ, ಡ್ಯಾನ್ಜಿಗ್ ಬಂದರಿನಲ್ಲಿ. ಅದೀಗ ಪೋಲೆಂಡಿನ ಗ್ಡಾನ್ಸ್ಕ್. ಅಪ್ಪ ದೊಡ್ಡ ವ್ಯಾಪಾರಿ. ಮಗ ವ್ಯಾಪಾರ ಕಲಿಯಲು ಒಪ್ಪಿದರೆ ಯುರೋಪ್ ಸುತ್ತಿಸುವುದಾಗಿ ಹೇಳಿದ, ಹುಡುಗ ಒಪ್ಪಿದ. 1804ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಫ್ರಾನ್ಸಿನ ಟೂಲಾನ್‌ನಲ್ಲಿ ಸಂಕೋಲೆ ತೊಡಿಸಿ ದುಡಿಸುತ್ತಿದ್ದ ಕೈದಿಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟ. ಮುಂದೆ 1832ರ ಒಂದು ಟಿಪ್ಪಣಿಯಲ್ಲಿ, ರೋಗ, ಮುಪ್ಪು, ಸಾವು ಕಂಡು ಬುದ್ಧನಿಗೆ ಆದಂತೆಯೇ ತನಗೂ ಆ ವಯಸ್ಸಿನಲ್ಲಿ ಬದುಕಿನ ಸಂಕಟ ಮನಸ್ಸಿಗೆ ನಾಟಿತು ಎಂದು ನೆನೆಯುತ್ತಾನೆ. ಅಪ್ಪ 1805ರಲ್ಲಿ ತೀರಿಕೊಂಡ. ಆಮೇಲೆ ಗಾಟಿಂಗೆನ್, ಬರ್ಲಿನ್‌ಗಳಲ್ಲಿ ಓದು, 1813ರಲ್ಲಿ ಡಾಕ್ಟರೇಟ್ ಪ್ರಬಂಧ, 1818ರ ಕೊನೆಗೆ ಮುಖ್ಯ ಗ್ರಂಥ 'ಇಚ್ಛೆಯಾಗಿ ಮತ್ತು ಪ್ರತೀತಿಯಾಗಿ ಜಗತ್ತು' (ಮುಖಪುಟದಲ್ಲಿ 1819 ಎಂದಿದೆ). ಆಗ ಆತನಿಗೆ ಮೂವತ್ತು. ಗ್ರಂಥವನ್ನು ಯಾರೂ ಕೊಳ್ಳಲಿಲ್ಲ ಎಂದೇ ಹೇಳಬೇಕು, ಮೊದಲ ಮುದ್ರಣದ ಬಹುಭಾಗ ರದ್ದಿಗೆ ಹೋಯಿತು. ಹೆಸರು ಬಂದದ್ದು 1851ರ ಪ್ರಬಂಧ ಸಂಪುಟಗಳ ನಂತರ. 1860ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೀರಿಕೊಂಡ.

ಮೊದಲ ಮೆಟ್ಟಿಲು: ಪ್ರತೀತಿ

"ಜಗತ್ತು ನನ್ನ ಪ್ರತೀತಿ" ಎಂಬುದು ಗ್ರಂಥದ ಮೊದಲ ವಾಕ್ಯ. ಪ್ರತೀತಿ ಎಂದರೆ ನಮ್ಮ ಅರಿವಿಗೆ ತೋರುವ ರೂಪ. ಇಲ್ಲಿರುವುದು ಆತನಿಗಿಂತ ಹಿಂದಿನ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನ ಋಣ. ದೇಶ (ಅಂದರೆ ಜಾಗ), ಕಾಲ, ಕಾರಣ ಈ ಮೂರೂ ವಸ್ತುಗಳಿಗೆ ಅಂಟಿದ ಗುಣಗಳಾಗಿರದೆ ನಮ್ಮ ಅರಿವಿನ ಚೌಕಟ್ಟುಗಳಾಗಿವೆ. ಬುದ್ಧಿ ಅನುಭವವನ್ನು ಜೋಡಿಸಿಕೊಳ್ಳುವ ಹನ್ನೆರಡು ಮೂಲಪ್ರಕಾರಗಳ ಪಟ್ಟಿಯನ್ನು ಕಾಂಟ್ ಕೊಟ್ಟಿದ್ದ. ಶೋಪೆನ್‌ಹಾವರ್ ಅದರಲ್ಲಿ ಕಾರಣತ್ವ ಒಂದನ್ನು ಇಟ್ಟುಕೊಂಡು ಉಳಿದವನ್ನು ಕೈಬಿಟ್ಟ. ಈ ಭಾಗದಿಂದ ಒಂದು ಅಂಶವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ: ಒಂದು, ಎರಡು, ಹಲವು ಎಂಬ ಎಣಿಕೆ ದೇಶಕಾಲಗಳ ಒಳಗೆ ಮಾತ್ರ ಸಾಧ್ಯ. ನಾನು ಇಲ್ಲಿ, ನೀನು ಅಲ್ಲಿ ಎನ್ನಬೇಕಾದರೆ ಜಾಗ ಬೇಕು. ದೇಶಕಾಲಗಳೇ ನಮ್ಮ ಅರಿವಿನ ಚೌಕಟ್ಟಾದರೆ, ಅದರಾಚೆ ಇರುವುದನ್ನು 'ಹಲವು' ಎನ್ನಲು ಬರುವುದಿಲ್ಲ. ಗ್ರಂಥದ ನಾಲ್ಕನೇ ಭಾಗದ ನೀತಿಶಾಸ್ತ್ರವೆಲ್ಲ ಇದರ ಮೇಲೆಯೇ ನಿಂತಿದೆ.

ಎರಡನೇ ಮೆಟ್ಟಿಲು: ಮೈ

ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಹೊಸದೆನಿಸುವುದು ಸೆಕ್ಷನ್ 18. ವಸ್ತುಗಳು ತಾವಾಗಿ ಏನು ಎಂಬುದು ನಮಗೆ ಎಂದಿಗೂ ತಿಳಿಯದು ಎಂದು ಕಾಂಟ್ ಬಾಗಿಲು ಹಾಕಿದ್ದ. ಒಂದು ಕಡೆ ಆ ಬಾಗಿಲು ತೆರೆದೇ ಇದೆ ಎನ್ನುತ್ತಾನೆ ಶೋಪೆನ್‌ಹಾವರ್. ಅದು ನಮ್ಮ ಮೈ.

ಉದಾಹರಣೆ ನನ್ನದು, ವಾದ ಆತನದು. ನಿದ್ದೆಯಲ್ಲಿ ಕೈ ಮೈಯಡಿ ಸಿಕ್ಕಿ ಜೋಮು ಹಿಡಿದಿರುತ್ತದೆ. ಎಚ್ಚರವಾದಾಗ ಅದನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕಿಡಬೇಕು. ಆಗ ಅದು ತೂಕವಿರುವ, ಬೆಚ್ಚಗಿರುವ ಒಂದು ವಸ್ತು. ಬೇರೆ ಯಾರದೋ ಕೈ ಎತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ಚುಚ್ಚಿದಂತಾಗುತ್ತಾ ಸ್ಪರ್ಶ ಮರಳುತ್ತದೆ, ಬೆರಳು ಮಡಚುತ್ತೇವೆ. ಮಡಚಿದ್ದು ತಿಳಿಯಲು ಈಗ ಕಣ್ಣು ಬೇಕಿಲ್ಲ. ಅದೇ ಕೈ, ಅದೇ ಬೆರಳು. ಒಮ್ಮೆ ಹೊರಗಿನಿಂದ ವಸ್ತುವಾಗಿ, ಇನ್ನೊಮ್ಮೆ ಒಳಗಿನಿಂದ ಬಯಕೆಯಾಗಿ, ಚಲನೆಯಾಗಿ, ನೋವಾಗಿ ಗೊತ್ತಾಗುತ್ತಿದೆ. ಹೀಗೆ ಎರಡು ರೀತಿಯಲ್ಲಿ ನಮಗೆ ತಿಳಿಯುವ ವಸ್ತು ಜಗತ್ತಿನಲ್ಲಿ ಇದೊಂದೇ. ಒಳಗಿನಿಂದ ತಿಳಿಯುವ ಈ ಮುಖಕ್ಕೆ ಆತ ಕೊಡುವ ಹೆಸರು ಇಚ್ಛೆ.

ಇಲ್ಲಿ ಬಹಳ ಜನ ಎಡವುವುದು ಎಲ್ಲೆಂದರೆ, ಇಚ್ಛೆ ಮೊದಲು ಬಂದು ಆಮೇಲೆ ಕೈಯನ್ನು ಎತ್ತಿಸುತ್ತದೆ ಎಂದುಕೊಳ್ಳುವಲ್ಲಿ. ಆತ ಹಾಗೆ ಹೇಳುವುದೇ ಇಲ್ಲ. ಇಚ್ಛಿಸುವುದು, ಕೈ ಏಳುವುದು ಇವೆರಡೂ ಒಂದೇ ಘಟನೆ. ನೋಡುವ ಕಡೆ ಬೇರೆ ಅಷ್ಟೆ. ಕಾರಣ, ಕಾರ್ಯ ಎಂಬ ಸಂಬಂಧ ಪ್ರತೀತಿಯ ಜಗತ್ತಿಗೆ ಸೇರಿದ್ದು, ಇಚ್ಛೆಗೂ ಮೈಗೂ ನಡುವೆ ಅದನ್ನು ತರುವಂತಿಲ್ಲ.

ಮುಂದಿನ ಹೆಜ್ಜೆ ಧೈರ್ಯದ್ದು. ನನ್ನ ಮೈಗೆ ಒಳಮುಖ ಇದೆ; ಮರ, ಕಲ್ಲು, ನೀರಿಗೆ? ಇಲ್ಲ ಎಂದರೆ ಜಗತ್ತಿನಲ್ಲಿ ನಾನೊಬ್ಬನೇ ನಿಜ, ಉಳಿದದ್ದೆಲ್ಲ ಬರೀ ನೆರಳು ಎನ್ನಬೇಕಾಗುತ್ತದೆ. ಆ ನಿಲುವನ್ನು ವಾದದಿಂದ ಗೆಲ್ಲಲಾಗದ ಪುಟ್ಟ ಕೋಟೆ ಎನ್ನುತ್ತಾನೆ. ಆದರೆ ಒಳಗಿನ ಸೈನ್ಯವೂ ಹೊರಗೆ ಬರಲಾರದು, ಹಾಗಾಗಿ ಅದನ್ನು ಬೆನ್ನ ಹಿಂದೆ ಬಿಟ್ಟು ಮುಂದೆ ನಡೆಯಬಹುದು. ನಡೆದರೆ ಸಿಗುವುದು ಈ ತೀರ್ಮಾನ: ಬೇರು ನೀರಿನ ಕಡೆ ಚಾಚುವುದು, ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದು, ಕಲ್ಲು ನೆಲಕ್ಕೆ ಬೀಳುವುದು ಎಲ್ಲವೂ ಅದೇ ಇಚ್ಛೆಯ ಬೇರೆ ಬೇರೆ ಹಂತಗಳು. ಎಸೆದ ಕಲ್ಲಿಗೆ ಪ್ರಜ್ಞೆ ಇದ್ದಿದ್ದರೆ ತಾನು ತನ್ನಿಚ್ಛೆಯಿಂದಲೇ ಹಾರುತ್ತಿದ್ದೇನೆ ಎಂದು ಭಾವಿಸುತ್ತಿತ್ತು ಎಂದು ಹದಿನೇಳನೇ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾ ಹೇಳಿದ್ದ. ಕಲ್ಲು ಹಾಗೆ ಭಾವಿಸಿದರೆ ಅದು ಸರಿಯೇ ಎಂದು ಶೋಪೆನ್‌ಹಾವರ್ ಸೇರಿಸುತ್ತಾನೆ.

ಈ ಮೆಟ್ಟಿಲು ಅಲುಗಾಡುತ್ತದೆ. ಒಂದೇ ಒಂದು ನಿದರ್ಶನದಿಂದ, ಅಂದರೆ ನನ್ನ ಮೈಯಿಂದ, ಇಡೀ ವಿಶ್ವಕ್ಕೆ ಹಾರಿದ್ದಾಯಿತು. ಇದು ಸಾದೃಶ್ಯವೇ ಹೊರತು ಸಿದ್ಧಪಡಿಸಿದ ಪ್ರಮೇಯವಲ್ಲ. ಆದರೆ ಆಕ್ಷೇಪ ಎತ್ತುವವರು ಬದಲಿಗೆ ಏನು ಹೇಳುತ್ತಾರೆ ಎಂಬುದನ್ನೂ ಕೇಳಬೇಕು. ಗುರುತ್ವದ ಸೂತ್ರ ಕಲ್ಲು ಹೇಗೆ ಬೀಳುತ್ತದೆ ಎಂದು ಹೇಳುತ್ತದೆ. ಬೀಳುವುದರ ಒಳಗೆ ಏನಿದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದನ್ನು ಪ್ರಶ್ನೆ ಎಂದು ಎತ್ತಿ ತೋರಿಸಿದ್ದೇ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ.

ಕುರುಡು ಇಚ್ಛೆ

ಈ ಇಚ್ಛೆಗೆ ಗುರಿಯಿಲ್ಲ. ಮುಖ್ಯ ಗ್ರಂಥದ ಎರಡನೇ ಸಂಪುಟದ (1844) 28ನೇ ಅಧ್ಯಾಯದಲ್ಲಿ ಮೋಲ್ ಎಂಬ ಪ್ರಾಣಿಯ ವಿಷಯ ಬರುತ್ತದೆ. ಯುರೋಪಿನ ಹೊಲಗಳಲ್ಲಿ ಮಣ್ಣಿನಡಿ ಬಿಲ ತೋಡಿಕೊಂಡಿರುವ ಪ್ರಾಣಿ ಅದು. ಸಲಿಕೆಯಂಥ ಪಾದಗಳಿಂದ ಜೀವಮಾನವಿಡೀ ಅಗೆಯುತ್ತದೆ, ಸುತ್ತ ಸದಾ ಕತ್ತಲೆ, ಕಣ್ಣು ಇದ್ದೂ ಇಲ್ಲದಂತೆ. ಇಷ್ಟೆಲ್ಲ ಶ್ರಮಕ್ಕೆ ಸಿಗುವುದೇನು? ಆಹಾರ ಮತ್ತು ಕೂಡುವಿಕೆ. ಅಂದರೆ ಇದೇ ದುಡಿಮೆಯನ್ನು ಮುಂದುವರಿಸಲು, ಇನ್ನೊಂದು ಮೋಲ್‌ನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಲು ಬೇಕಾದಷ್ಟು. ಬುದ್ಧಿ ಇರುವ ಮನುಷ್ಯನ ಕತೆ ಬೇರೆಯಲ್ಲವೇ ಎಂದರೆ, ಬುದ್ಧಿಯೂ ಇಚ್ಛೆಯ ಆಳೇ ಎನ್ನುತ್ತಾನೆ. ಕಣ್ಣಿರುವ ಕುಂಟನನ್ನು ಹೆಗಲ ಮೇಲೆ ಹೊತ್ತ ಬಲಶಾಲಿ ಕುರುಡ, ಇದು ಬುದ್ಧಿ ಮತ್ತು ಇಚ್ಛೆಗೆ ಆತ ಕೊಡುವ ಚಿತ್ರ.

ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆ ಓದಿದವರಿಗೆ ತಕ್ಷಣ ಪಂಗ್ವಂಧ ನ್ಯಾಯ, ಅಂದರೆ ಕುಂಟ–ಕುರುಡರ ಉಪಮೆ, ನೆನಪಾಗುತ್ತದೆ. ಚಿತ್ರ ಒಂದೇ, ವಿಷಯ ಬೇರೆ. ಸಾಂಖ್ಯದಲ್ಲಿ ನೋಡುವ ಪುರುಷ (ಚೇತನ) ಜಡವಾದ ಪ್ರಕೃತಿಯಿಂದ ಹುಟ್ಟಿದವನಲ್ಲ, ಇಬ್ಬರೂ ಕೂಡುವುದು ಪುರುಷನ ಬಿಡುಗಡೆಗಾಗಿ. ಇಲ್ಲಿ ಕಣ್ಣಿರುವವನು ಕುರುಡನಿಂದಲೇ ಹುಟ್ಟಿದವನು, ಕುರುಡನ ಹೊಟ್ಟೆಪಾಡಿಗೆ ದಾರಿ ತೋರಿಸಲು ಇರುವವನು.

ದುಃಖ ಎಲ್ಲಿಂದ ಬಂತು

ಈಗ ವಾದ ಸರಳವಾಗುತ್ತದೆ. ಬಯಸುವುದೆಂದರೆ ಇಲ್ಲದ್ದನ್ನು ಬಯಸುವುದು. ಇಲ್ಲ ಎಂಬುದೇ ನೋವು. ನಮ್ಮ ಸ್ವರೂಪವೇ ಇಚ್ಛೆಯಾದರೆ ಕೊರತೆ ನಮಗೆ ಆಗಾಗ ಬಂದು ಹೋಗುವ ನೆಂಟನಲ್ಲ, ಮನೆಯವನೇ. ಈಡೇರಿದರೆ? ಸೆಕ್ಷನ್ 38ರಲ್ಲಿ ಹೇಳುತ್ತಾನೆ: ಒಂದು ಬಯಕೆ ಈಡೇರಿದರೆ ಕನಿಷ್ಠ ಹತ್ತು ಈಡೇರದೆ ಉಳಿಯುತ್ತವೆ, ತೃಪ್ತಿ ಎಂಬುದು ಭಿಕ್ಷುಕನಿಗೆ ಹಾಕಿದ ಭಿಕ್ಷೆ, ಇವತ್ತು ಉಳಿಸಿ ಸಂಕಟವನ್ನು ನಾಳೆಗೆ ದಾಟಿಸುತ್ತದೆ. ಬಯಸಲು ಏನೂ ಇಲ್ಲದಾದರೆ ಬೇಸರ ಕಚ್ಚುತ್ತದೆ. ನೋವು ಮತ್ತು ಬೇಸರದ ನಡುವೆ ಬದುಕು ಲೋಲಕದಂತೆ ತೂಗುತ್ತದೆ ಎಂಬ ಪ್ರಸಿದ್ಧ ಮಾತು ಸೆಕ್ಷನ್ 57ರದ್ದು. ಅದೇ ಸೆಕ್ಷನ್‌ನಲ್ಲಿ, ವಾರದ ಆರು ದಿನ ಕೊರತೆಗೆ, ಭಾನುವಾರ ಬೇಸರಕ್ಕೆ ಎಂದೂ ಹೇಳುತ್ತಾನೆ. ಸರ್ಕಾರಿ ಕೆಲಸಕ್ಕೆ ಓದುವ ನಮ್ಮಲ್ಲಿ ಅನೇಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲಸ ಸಿಕ್ಕರೆ ಸಾಕು ಎನ್ನುತ್ತಾ ವರ್ಷಗಟ್ಟಲೆ ಕಾದವರಿಗೆ ಆರ್ಡರ್ ಕೈಗೆ ಬಂದ ದಿನ ಊರಿಗೆಲ್ಲ ಸಿಹಿ. ಪ್ರೊಬೇಷನ್ ಮುಗಿಯುವ ಹೊತ್ತಿಗೆ ಮಾತೆಲ್ಲ ವರ್ಗಾವಣೆಯದ್ದು, ಬಡ್ತಿಯದ್ದು.

ಇದರ ಜೊತೆಗೆ ಇನ್ನೊಂದು ಪ್ರಮೇಯ ಸೇರಿಸುತ್ತಾನೆ: ನೋವು ತಾನಾಗಿ ಅನುಭವಕ್ಕೆ ಬರುತ್ತದೆ, ಸುಖ ನೋವಿನ ನಿಲುಗಡೆ ಮಾತ್ರ. ಇಡೀ ಮೈ ಆರೋಗ್ಯವಾಗಿರುವುದು ನಮಗೆ ತಿಳಿಯುವುದಿಲ್ಲ, ಬೂಟು ಕಚ್ಚುವ ಜಾಗವಷ್ಟೇ ತಿಳಿಯುತ್ತದೆ. ಸುಖದ ಪ್ರಮಾಣವೇ ಹೆಚ್ಚು ಎನ್ನುವವರಿಗೆ, ಒಂದು ಪ್ರಾಣಿ ಇನ್ನೊಂದನ್ನು ತಿನ್ನುವಾಗ ತಿನ್ನುವುದರ ಸುಖವನ್ನೂ ತಿನ್ನಿಸಿಕೊಳ್ಳುವುದರ ನೋವನ್ನೂ ಹೋಲಿಸಿ ನೋಡಿ ಎನ್ನುತ್ತಾನೆ. ಓದಿದ ಮೇಲೆ ಈ ಮಾತನ್ನು ಮನಸ್ಸಿನಿಂದ ತೆಗೆದುಹಾಕುವುದು ಕಷ್ಟ.

ಆದರೂ ಸುಖದ ಬಗೆಗಿನ ಈ ಪ್ರಮೇಯವನ್ನು ನಾನು ಪೂರ್ತಿ ಒಪ್ಪಲಾರೆ. ಮಲ್ಲಿಗೆಯ ವಾಸನೆ ಗಾಳಿಯಲ್ಲಿ ತೇಲಿ ಬಂದಾಗ ಯಾವ ಕೊರತೆ ನೀಗಿತು? ಅದನ್ನು ಯಾರೂ ಬಯಸುತ್ತಾ ಕೂತಿರಲಿಲ್ಲ. ಜರ್ಮನಿಯ ಚಿಂತಕ ಗೇಯಾರ್ಗ್ ಜಿಮ್ಮೆಲ್ 1907ರಲ್ಲಿ ಇನ್ನೊಂದು ಕಡೆಯಿಂದ ಆಕ್ಷೇಪಿಸಿದ: ಬಯಸಿದ್ದರ ಕಡೆಗೆ ನಡೆಯುವ ದಾರಿಯಲ್ಲೇ ಸುಖ ಇರುತ್ತದೆ, ಕಾಯುವುದೆಲ್ಲ ಬರೀ ನೋವಲ್ಲ. ಇದು ಸರಿಯಾದ ಏಟು. ಹಾಗೆಂದು ವಾದ ಕುಸಿಯುವುದಿಲ್ಲ. ತೃಪ್ತಿ ನಿಲ್ಲುವುದಿಲ್ಲ ಎಂಬ ಭಾಗ ಹಾಗೇ ಗಟ್ಟಿಯಾಗಿದೆ, ಬದುಕಿನಲ್ಲಿ ದುಃಖ ಬಿಟ್ಟು ಬೇರೇನೂ ಇಲ್ಲ ಎಂಬ ಭಾಗ ಸಡಿಲ.

ಹೊರದಾರಿಗಳು

ಮೊದಲನೆಯದು ಕಲೆ. ಚಿತ್ರ ನೋಡುವಾಗ, ಸಂಗೀತ ಕೇಳುವಾಗ ಸ್ವಲ್ಪ ಹೊತ್ತು ಬಯಸುವವನು ಸುಮ್ಮನಾಗುತ್ತಾನೆ, ನೋಡುವವನಷ್ಟೇ ಉಳಿಯುತ್ತಾನೆ. ಸಂಗೀತಕ್ಕೆ ಆತ ಎಲ್ಲ ಕಲೆಗಳಿಗಿಂತ ಮೇಲಿನ ಸ್ಥಾನ ಕೊಟ್ಟ. ಜರ್ಮನ್ ಸಂಗೀತಕಾರ ವ್ಯಾಗ್ನರ್ 1854ರಲ್ಲಿ ಈ ಗ್ರಂಥ ಓದಿ ಮಾರುಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಕರುಣೆ. ನನ್ನ ಪ್ರಕಾರ ಶೋಪೆನ್‌ಹಾವರ್‌ನ ಎತ್ತರ ಇರುವುದು ಇಲ್ಲಿ. ಕರ್ತವ್ಯದ ಆಜ್ಞೆಯಿಂದ ನೀತಿ ಹುಟ್ಟುತ್ತದೆ ಎಂಬ ಕಾಂಟ್‌ನ ಮಾತನ್ನು ಆತ ತಳ್ಳಿಹಾಕುತ್ತಾನೆ. ನನ್ನ ನೋವು ನನ್ನನ್ನು ಅಲುಗಿಸುವುದು ಸಹಜ. ಇನ್ನೊಬ್ಬರ ನೋವು ನನ್ನನ್ನು ಎದ್ದು ಓಡುವಂತೆ ಮಾಡುವುದು ಹೇಗೆ? ನಾನು–ನೀನು ಎಂಬ ಗೋಡೆ ಆ ಗಳಿಗೆಯಲ್ಲಿ ಬಿದ್ದಿರಬೇಕು. ಮೊದಲ ಮೆಟ್ಟಿಲನ್ನು ಈಗ ನೆನಪಿಸಿಕೊಳ್ಳಿ: ಹಲವು ಎಂಬುದು ದೇಶಕಾಲದ ಚೌಕಟ್ಟಿನೊಳಗೆ ಮಾತ್ರ. ಹಾಗಾದರೆ ಹೊಡೆಯುವವನೂ ಹೊಡೆಸಿಕೊಳ್ಳುವವನೂ ಬುಡದಲ್ಲಿ ಒಂದೇ. ಕರುಣೆ ಇದನ್ನು ತರ್ಕವಿಲ್ಲದೆಯೇ ಕಂಡುಬಿಡುತ್ತದೆ. ಇಲ್ಲಿ ಆತ ಉಪನಿಷತ್ತಿನ 'ತತ್ ತ್ವಮ್ ಅಸಿ' (ಅದು ನೀನೇ) ಎಂಬ ಮಾತನ್ನು ನೇರವಾಗಿ ಉದ್ಧರಿಸುತ್ತಾನೆ. ಪ್ರಾಣಿಗಳ ವಿಷಯಕ್ಕೆ ಬಂದರೆ ಆತನ ಮಾತಿಗೆ ಕಾವು ಏರುತ್ತದೆ. ಪ್ರಾಣಿಹಿಂಸೆ ಕೆಟ್ಟದ್ದು, ಯಾಕೆಂದರೆ ಅದರಿಂದ ಮನುಷ್ಯರ ಮೇಲಿನ ಕರುಣೆಯೂ ಮರಗಟ್ಟುತ್ತದೆ ಎಂದು ಕಾಂಟ್ ಹೇಳಿದ್ದ. ಪ್ರಾಣಿಯನ್ನು ಮನುಷ್ಯನ ಅಭ್ಯಾಸಕ್ಕೆ ಸಾಧನ ಮಾಡಿದ್ದೇ ತಪ್ಪು, ಅದರ ನೋವು ಅದರದ್ದಾಗಿಯೇ ಲೆಕ್ಕಕ್ಕೆ ಬರಬೇಕು ಎಂಬುದು ಇವನ ಉತ್ತರ. 'ನೀತಿಯ ತಳಹದಿ'ಯ ಕುರಿತ ಈ ಪ್ರಬಂಧವನ್ನು ಡೆನ್ಮಾರ್ಕಿನ ರಾಯಲ್ ಸೊಸೈಟಿಯ ಸ್ಪರ್ಧೆಗೆ ಕಳಿಸಿದ. ಬಂದದ್ದು ಅದೊಂದೇ ಪ್ರಬಂಧ. 1840ರಲ್ಲಿ ಅದಕ್ಕೂ ಬಹುಮಾನ ನಿರಾಕರಿಸಿದರು. ಮನೆಯಲ್ಲಿ ಸಾಕಿದ ನಾಯಿಗೆ ಆತ ಇಟ್ಟ ಹೆಸರು ಆತ್ಮಾ.

ಮೂರನೆಯದು ಇಚ್ಛೆಯ ನಿರಾಕರಣೆ, ಸಂತರ ದಾರಿ. ಇದನ್ನು ಆತ್ಮಹತ್ಯೆಯ ಸಮರ್ಥನೆ ಎಂದು ಓದುವುದು ದೊಡ್ಡ ತಪ್ಪು. ಸೆಕ್ಷನ್ 69ರಲ್ಲಿ ಆತ ಅದರ ವಿರುದ್ಧವೇ ವಾದಿಸುತ್ತಾನೆ: ಹಾಗೆ ಮಾಡಿಕೊಳ್ಳುವವರು ಬದುಕನ್ನೇ ಬಯಸುತ್ತಿರುತ್ತಾರೆ, ಒಲ್ಲೆ ಎನ್ನುವುದು ತಮ್ಮ ಪಾಲಿಗೆ ಬಂದ ಪರಿಸ್ಥಿತಿಯನ್ನು, ಇಚ್ಛೆ ಅಲ್ಲಿ ಒಂದಿಷ್ಟೂ ತಣಿಯುವುದಿಲ್ಲ. ಆದರೆ ನಿರಾಕರಣೆಯಲ್ಲಿ ಒಂದು ಗಂಟು ಇದೆ. ಇರುವುದೆಲ್ಲ ಇಚ್ಛೆಯೇ ಆದರೆ ಇಚ್ಛೆಯನ್ನು ನಿರಾಕರಿಸುವವರು ಯಾರು? ಅರಿವು ಇಚ್ಛೆಯನ್ನು ಶಾಂತಗೊಳಿಸುತ್ತದೆ ಎನ್ನುತ್ತಾನೆ. ಆಳಾಗಿ ಹುಟ್ಟಿದ ಅರಿವಿಗೆ ಆ ಬಲ ಎಲ್ಲಿಂದ ಬಂತು ಎಂಬುದಕ್ಕೆ ತೃಪ್ತಿಕರ ಉತ್ತರ ನನಗೆ ಗ್ರಂಥದಲ್ಲಿ ಕಂಡಿಲ್ಲ. ಮೊದಲ ಸಂಪುಟದ ಕಟ್ಟಕಡೆಯ ಪದ 'ಶೂನ್ಯ'.

ಇದು ವೇದಾಂತವೇ?

ನಮ್ಮಲ್ಲಿ ಇದನ್ನು ಓದುವವರಿಗೆ ಆಗುವ ದೊಡ್ಡ ಸೆಳೆತ ಇದು. ಸಂಬಂಧ ಇರುವುದು ನಿಜ. ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತಂದ, ಅದನ್ನು ಫ್ರಾನ್ಸಿನ ಆಂಕೆತಿಲ್ ದ್ಯುಪೆರಾನ್ ಲ್ಯಾಟಿನ್‌ಗೆ ತಂದು 1801–02ರಲ್ಲಿ ಪ್ರಕಟಿಸಿದ. ಶೋಪೆನ್‌ಹಾವರ್ ಬಾಳಿನುದ್ದಕ್ಕೂ ಓದಿದ್ದು ಈ ಅನುವಾದದ ಅನುವಾದವನ್ನು. ಉಪನಿಷತ್ತಿನ ಪರಿಚಯ ಇರುವವರೇ ತನ್ನ ಮಾತು ಕೇಳಲು ಅತ್ಯಂತ ಸಿದ್ಧರು ಎಂದು ಮುನ್ನುಡಿಯಲ್ಲೇ ಬರೆದ. ಮಾಯೆಯ ತೆರೆ ಎಂಬ ಮಾತು ಗ್ರಂಥದ ತುಂಬ ಬರುತ್ತದೆ.

ಆದರೆ ತೆರೆ ಸರಿಸಿದರೆ ಏನು ಕಾಣುತ್ತದೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಉಪನಿಷತ್ತಿಗೆ ಅಲ್ಲಿ ಕಾಣುವುದು ಆನಂದ. ಶೋಪೆನ್‌ಹಾವರ್‌ಗೆ ಕಾಣುವುದು ಹಸಿದ, ಕುರುಡು ಇಚ್ಛೆ. ಅದನ್ನು ಸೇರುವ ಮಾತಿಲ್ಲ, ಅದರಿಂದ ಮುಖ ತಿರುಗಿಸಬೇಕು. ಈ ವ್ಯತ್ಯಾಸ ಮರೆತು "ನಮ್ಮವರು ಹೇಳಿದ್ದನ್ನೇ ಆತ ಹೇಳಿದ" ಎಂದುಬಿಟ್ಟರೆ ಇಬ್ಬರಿಗೂ ಅನ್ಯಾಯ. ಬುದ್ಧನಿಗೆ ಆತ ಹೆಚ್ಚು ಹತ್ತಿರ. ಆದರೆ ಎಲ್ಲದರ ಬುಡದಲ್ಲಿ ಒಂದೇ ಮೂಲವಸ್ತು ಇದೆ ಎಂಬುದನ್ನು ಬೌದ್ಧರು ಒಪ್ಪುವುದಿಲ್ಲ.

1851ರ ಸಂಪುಟದಲ್ಲಿ ಹೆಂಗಸರ ಬಗ್ಗೆ ಒಂದು ಪ್ರಬಂಧವಿದೆ. ತಾತ್ಸಾರದಿಂದ ತುಂಬಿದ ಬರಹ ಅದು. ಎಲ್ಲ ಜೀವಿಗಳ ನೋವನ್ನೂ ಕಂಡವನು ಇದನ್ನು ಬರೆದ ಎಂಬುದನ್ನು ಮುಚ್ಚಿಡಬಾರದು, ಆತನ ಕರುಣೆಯ ತತ್ತ್ವವೇ ಆ ಪ್ರಬಂಧಕ್ಕೆ ವಿರುದ್ಧ ಸಾಕ್ಷಿ.

ಓದುವ ಕ್ರಮ: ಗ್ರಂಥವನ್ನು ಎರಡು ಸಲ ಓದಬೇಕು, ಅದಕ್ಕೂ ಮೊದಲು 1813ರ ಪ್ರಬಂಧ ಓದಿರಬೇಕು ಎಂದು ಆತನೇ ಷರತ್ತು ಹಾಕಿದ್ದಾನೆ. ಹೊಸಬರಿಗೆ ನಾನು ಹೇಳುವುದು ಬೇರೆ. ಸೆಕ್ಷನ್ 17ರಿಂದ 23, ಆಮೇಲೆ 38, ಆಮೇಲೆ 56ರಿಂದ 59, ಅಲ್ಲಿಂದ ನೇರವಾಗಿ 'ನೀತಿಯ ತಳಹದಿ'. ಇಷ್ಟಾದ ಮೇಲೆ ಮೊದಲ ಭಾಗಕ್ಕೆ ಬಂದರೆ ಕಾಂಟ್‌ನ ಚೌಕಟ್ಟು ಯಾಕೆ ಬೇಕಾಯಿತು ಎಂಬುದು ತಿಳಿದಿರುತ್ತದೆ, ಓದು ಎಳೆಯುವುದಿಲ್ಲ.