ಕ್ಯಾಲಿಫೋರ್ನಿಯಾದ ಪ್ರೈಮರಿ: ಬಿ ಫಾರಂ ಇಲ್ಲದ ಚುನಾವಣೆ

ಪ್ರೈಮರಿ ಅಂದರೆ ಪಕ್ಷದೊಳಗಿನ ಚುನಾವಣೆ ಅಂತ ನನ್ನ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ನಮ್ಮಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್, ಅಮೆರಿಕದಲ್ಲಿ ಕೊಡುವುದು ಮತದಾರ, ಅಷ್ಟೇ ವ್ಯತ್ಯಾಸ. ಬಹಳಷ್ಟು ರಾಜ್ಯಗಳಿಗೆ ಈ ಲೆಕ್ಕ ಸರಿಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಡವಿದೆ. 2016ರ ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಚುನಾವಣೆಯ ಕೊನೆಯ ಸುತ್ತಿನಲ್ಲಿ ಕಮಲಾ ಹ್ಯಾರಿಸ್ ಎದುರು ಲೊರೆಟ್ಟಾ ಸ್ಯಾಂಚೆಜ್. ಇಬ್ಬರೂ ಡೆಮಾಕ್ರಾಟ್! ಪುಸ್ತಕದಲ್ಲಿ ಅಚ್ಚಿನ ತಪ್ಪಿರಬೇಕು ಅಂದುಕೊಂಡೆ.

ನಿಯಮ ಚಿಕ್ಕದು. 2010ರ ಜೂನ್‌ನಲ್ಲಿ ಮತದಾರರು ಪ್ರೊಪೊಸಿಷನ್ 14 ಅನ್ನೋ ಪ್ರಸ್ತಾವವನ್ನು ಮತ ಹಾಕಿ ಒಪ್ಪಿದರು. ಅಂದಿನಿಂದ ಎಲ್ಲ ಪಕ್ಷದವರದ್ದೂ ಒಂದೇ ಪಟ್ಟಿ. ಯಾರು ಯಾರಿಗೆ ಬೇಕಾದರೂ ಮತ ಹಾಕಬಹುದು. ಮೊದಲ ಇಬ್ಬರು ನವೆಂಬರ್‌ನ ಕೊನೆಯ ಸುತ್ತಿಗೆ ಹೋಗುತ್ತಾರೆ. ಪ್ರೈಮರಿಯಲ್ಲಿ ಒಬ್ಬರಿಗೇ ಶೇ. 60 ಬಂದರೂ ಅಲ್ಲಿಗೆ ಮುಗಿಯಲ್ಲ, ನವೆಂಬರ್ ಸುತ್ತು ಇದ್ದೇ ಇರುತ್ತದೆ. ಅಧ್ಯಕ್ಷ ಚುನಾವಣೆಗೆ ಈ ನಿಯಮ ಇಲ್ಲ.

ನಾನು ಒದ್ದಾಡಿದ್ದು ಮುಂದಿನದಕ್ಕೆ. ಜನ ಒಂದು ಪಕ್ಷದ ಕಡೆ ಇದ್ದರೂ ಆ ಪಕ್ಷವೇ ಕಣದಲ್ಲಿ ಇಲ್ಲದಂತಾಗುವುದು ಹೇಗೆ?

2012, ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಚುನಾವಣೆಯ 31ನೇ ಕ್ಷೇತ್ರ, ಸ್ಯಾನ್ ಬರ್ನಾರ್ಡಿನೊ ಕಡೆಯದು. ಡೆಮಾಕ್ರಾಟ್ ಒಲವಿನ ಜಾಗ. ಪ್ರೈಮರಿಗೆ ನಿಂತವರು ಆರು ಜನ: ಇಬ್ಬರು ರಿಪಬ್ಲಿಕನ್, ನಾಲ್ವರು ಡೆಮಾಕ್ರಾಟ್. ರಿಪಬ್ಲಿಕನ್ ಗ್ಯಾರಿ ಮಿಲ್ಲರ್‌ಗೆ ಶೇ. 26.7, ಅದೇ ಪಕ್ಷದ ಬಾಬ್ ಡಟನ್‌ಗೆ 24.8. ಡೆಮಾಕ್ರಾಟ್ ಪೀಟ್ ಅಗ್ಯುಲಾರ್‌ಗೆ 22.6. ಉಳಿದ ಮೂವರು ಡೆಮಾಕ್ರಾಟರು ಹಂಚಿಕೊಂಡಿದ್ದು ಸುಮಾರು 26.

ಈಗ ಪೆನ್ಸಿಲ್ ಹಿಡಿದು ಕೂಡಿ. ನಾಲ್ವರು ಡೆಮಾಕ್ರಾಟರದ್ದು ಸೇರಿದರೆ ಶೇ. 48ಕ್ಕೂ ಜಾಸ್ತಿ. ಆದರೂ ನವೆಂಬರ್‌ಗೆ ಒಬ್ಬರೂ ಇಲ್ಲ! ರಿಪಬ್ಲಿಕನ್ ಮತ ಎರಡು ಪಾಲಾಯಿತು, ಡೆಮಾಕ್ರಾಟ್ ಮತ ನಾಲ್ಕು ಪಾಲಾಯಿತು, ಅಷ್ಟೇ. ಅಗ್ಯುಲಾರ್‌ಗೆ ಕಡಿಮೆ ಬಿದ್ದದ್ದು ಸುಮಾರು 1,400 ಮತ. ಉಳಿದ ಮೂವರಲ್ಲಿ ಒಬ್ಬರು ಹಿಂದೆ ಸರಿದಿದ್ದರೂ ಕಥೆ ಬೇರೆಯಾಗುತ್ತಿತ್ತೇನೋ. ನವೆಂಬರ್‌ನಲ್ಲಿ ಅದೇ ಕ್ಷೇತ್ರದ ಜನ ಅಧ್ಯಕ್ಷ ಸ್ಥಾನಕ್ಕೆ ಒಬಾಮಾಗೆ ಆರಾಮಾಗಿ ಮುನ್ನಡೆ ಕೊಟ್ಟರು, ಕಾಂಗ್ರೆಸ್‌ಗೆ ಮಾತ್ರ ಮಿಲ್ಲರ್ ಹೋದರು. 2014ರಲ್ಲಿ ಅಗ್ಯುಲಾರ್ ಗೆದ್ದರು.

ನಮ್ಮಲ್ಲಾದರೆ ಬಂಡಾಯ ನಿಂತವರ ಮನೆಗೇ ಹೋಗಿ ನಾಮಪತ್ರ ವಾಪಸ್ ತೆಗೆಸುತ್ತಾರೆ, ಇಲ್ಲವಾದರೆ ಪಕ್ಷದ ಚಿಹ್ನೆಯೇ ಸಿಗಲ್ಲ ಅಲ್ವಾ? ಅಲ್ಲಿ ಪಕ್ಷ 'ಇವರಿಗೆ ನಮ್ಮ ಬೆಂಬಲ' ಅನ್ನಬಹುದು. ಉಳಿದವರ ಹೆಸರಿನ ಪಕ್ಕ ಪಕ್ಷದ ಹೆಸರು ಬರುವುದನ್ನು ತಡೆಯಲಾಗದು. ಅದು ಅಭ್ಯರ್ಥಿ ತಾನೇ ಹೇಳಿಕೊಂಡ ಒಲವು, ಟಿಕೆಟ್ ಅಲ್ಲ.

ನನ್ನ ಸುಲಭ ಸೂತ್ರ: ಮೊದಲು ಪಕ್ಷದ ಹೆಸರನ್ನು ಕೈಯಿಂದ ಮುಚ್ಚಿ ಅಂಕಿ ಮಾತ್ರ ನೋಡಿ. ಮೇಲಿನ ಇಬ್ಬರಿಗೆ ಗುರುತು ಹಾಕಿ. ಆಮೇಲೆ ಕೈ ತೆಗೆಯಿರಿ.

ಒಂದು ವಿನಾಯಿತಿ ಉಂಟು. 2024ರಲ್ಲಿ ಸಿಲಿಕಾನ್ ವ್ಯಾಲಿಯ 16ನೇ ಕ್ಷೇತ್ರದಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು. ಎರಡನೇ ಸ್ಥಾನಕ್ಕೆ ಇವಾನ್ ಲೋ, ಜೋ ಸಿಮಿಟಿಯನ್ ಇಬ್ಬರಿಗೂ ಸರಿಯಾಗಿ 30,249. ಚೀಟಿ ಎತ್ತಲ್ಲ, ಮೂವರೂ ಮುಂದೆ ಹೋಗಬೇಕು. ಆದರೆ ಮರುಎಣಿಕೆ ಆಯಿತು. ಲೋ ಐದು ಮತ ಮುಂದೆ ಬಂದರು, ಪಟ್ಟಿ ಮತ್ತೆ ಇಬ್ಬರಿಗೇ ಇಳಿಯಿತು.