ಡೆತ್ ಬ್ಯಾಂಡಿನ ‘ಹ್ಯೂಮನ್’ ಕೇಳುವ ಬಗೆ: ಟೆಕ್ನಿಕಲ್ ಡೆತ್ ಮೆಟಲ್‌ಗೆ ಹೊಸಬರಿಗೊಂದು ಟಿಪ್ಪಣಿ

ಟೆಕ್ನಿಕಲ್ ಡೆತ್ ಮೆಟಲ್ ಅಂದರೆ ಘರ್ಜಿಸುವ ಗಾಯನ, ವೇಗದ ಡ್ರಮ್ಸ್, ಜಟಿಲವಾದ ಗಿಟಾರ್ ಇರುವ ಒಂದು ಬಗೆಯ ರಾಕ್ ಸಂಗೀತ. ಅದನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ‘ಎಲ್ಲಾ ಒಂದೇ ಥರ ಕೇಳಿಸುತ್ತದೆ’ ಅನ್ನುತ್ತಾರೆ. ನನಗೂ ಹಾಗೇ ಅನಿಸಿತ್ತು. ಗಿಟಾರ್ ಎಲ್ಲಿ, ಡ್ರಮ್ ಎಲ್ಲಿ ಅಂತ ಬಿಡಿಸಿಕೊಳ್ಳಲಾಗದೆ ಎರಡನೇ ಹಾಡಿಗೇ ನಿಲ್ಲಿಸಿಬಿಟ್ಟಿದ್ದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಿದ್ದೇ ತಪ್ಪಾಯಿತು. ಆಮೇಲೆ ಸಲಕ್ಕೊಂದು ವಾದ್ಯವನ್ನು ಮಾತ್ರ ಹಿಂಬಾಲಿಸಿ ಕೇಳಿದೆ. ಆಗ ದಾರಿ ಸಿಕ್ಕಿತು.

ಹೀಗೆ ಕಲಿಯಲು ನಾನು ಆರಿಸಿಕೊಂಡಿದ್ದು ಡೆತ್ ಬ್ಯಾಂಡಿನ ‘ಹ್ಯೂಮನ್’. 1991ರ ಆಲ್ಬಮ್. ಅಮೆರಿಕದ ಫ್ಲೋರಿಡಾದ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಗಿಟಾರ್ ಮತ್ತು ಗಾಯನ ಚಕ್ ಶುಲ್ಡಿನರ್, ಇನ್ನೊಂದು ಗಿಟಾರ್ ಪಾಲ್ ಮಾಸ್ವಿಡಾಲ್, ಬೇಸ್ ಗಿಟಾರ್ ಸ್ಟೀವ್ ಡಿಜಾರ್ಜಿಯೋ, ಡ್ರಮ್ಸ್ ಶಾನ್ ರೈನರ್ಟ್. ಪಾಲ್ ಮತ್ತು ಶಾನ್ ಆಗ ಇಪ್ಪತ್ತರ ಹರೆಯದ ಹುಡುಗರು. ಸಿನಿಕ್ ಅನ್ನುವ ಅವರದೇ ಬ್ಯಾಂಡ್ ಇತ್ತು, ಜಾಜ್ ಮತ್ತು ರಾಕ್ ಬೆರೆಸುವ ಜಾಜ್ ಫ್ಯೂಷನ್ ಹುಚ್ಚೂ ಇತ್ತು. ಅವರು ಬಂದ ಮೇಲೆ ಡೆತ್ ಸಂಗೀತದ ಮೈಕಟ್ಟೇ ಬದಲಾಯಿತು. ಎಂಟು ಹಾಡು, ಹತ್ತಿರಹತ್ತಿರ 34 ನಿಮಿಷ. ಒಂದೇ ಕೂತಲ್ಲಿ ಕೇಳಿ ಮುಗಿಸಬಹುದು, ನಾಳೆ ಮತ್ತೆ ಕೇಳಬಹುದು. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಮೊದಲ ಹಾಡಿನಿಂದ ಶುರು ಮಾಡಬೇಡಿ. ಏಳನೆಯದಾದ ‘ಕಾಸ್ಮಿಕ್ ಸೀ’ ಹಾಕಿ. ಅದರಲ್ಲಿ ಗಾಯನವೇ ಇಲ್ಲ. ಘರ್ಜಿಸುವ ದನಿಗೆ ಇನ್ನೂ ಹೊಂದಿಕೊಳ್ಳದ ಕಿವಿಗೆ ವಾದ್ಯಗಳು ಮಾತ್ರ ಸಿಗುತ್ತವೆ. ವಾಲ್ಯೂಮ್ ಕಡಿಮೆ ಇಡಿ. ಜೋರಾಗಿ ಇಟ್ಟರೆ ಕೆಳಗಿನ ಸದ್ದುಗಳು ಉಬ್ಬಿಕೊಂಡು ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತವೆ.

ಈಗ ಡ್ರಮ್ಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಹೊಸಬರ ಕಿವಿ ಸೀದಾ ಕಾಲಿನ ಕಡೆಗೆ, ಅಂದರೆ ‘ದುಗುದುಗುದುಗು’ ಅನ್ನುವ ಡಬಲ್ ಬೇಸ್ ಡ್ರಮ್ ಕಡೆಗೆ ಹೋಗುತ್ತದೆ. ಎರಡು ಕಾಲು, ಎರಡು ಪೆಡಲ್, ಬಿಡುವಿಲ್ಲದ ಓಟ. ಅದರ ಬೆನ್ನು ಹತ್ತಿದರೆ ಸುಮ್ನೆ ಸುಸ್ತಾಗುತ್ತದೆ. ಅದರ ಬದಲು ಕೋಲಿನಿಂದ ಬಾರಿಸುವ, ‘ಟಪ್’ ಅನ್ನುವ ಸ್ನೇರ್ ಡ್ರಮ್ ಹಿಡಿಯಿರಿ. ಅದು ಬಿದ್ದಾಗಲೆಲ್ಲ ಬೆರಳಿನಿಂದ ಮೇಜು ತಟ್ಟಿ. ಕಾಲು ಎಷ್ಟೇ ವೇಗವಾಗಿ ಓಡಿದರೂ ಸ್ನೇರ್ ಎಷ್ಟೋ ಕಡೆ ನಿಧಾನವಾಗಿ ಬೀಳುತ್ತಿರುತ್ತದೆ. ಹಾಡು ನಾವು ಅಂದುಕೊಂಡಷ್ಟು ವೇಗವಾಗಿಲ್ಲ ಅಂತ ಆಗ ಗೊತ್ತಾಗುತ್ತದೆ. ಸ್ನೇರ್ ಕೂಡ ಕಾಲಿನಷ್ಟೇ ಜೋರಾಗಿ ಓಡಿ, ಎರಡೂ ಒಂದರ ಹಿಂದೊಂದು ಎಡೆಬಿಡದೆ ಬಿದ್ದರೆ ಅದು ಬ್ಲಾಸ್ಟ್ ಬೀಟ್. ಅಲ್ಲಿ ಪ್ರತಿ ಏಟನ್ನೂ ಎಣಿಸಲು ಹೋಗಬೇಡಿ. ಗಿಟಾರ್ ಯಾವಾಗ ಸ್ವರ ಬದಲಿಸುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಇದು ಕೈಗೆ ಬಂದ ಮೇಲೆ ಮೊದಲ ಹಾಡು ‘ಫ್ಲಾಟನಿಂಗ್ ಆಫ್ ಇಮೋಷನ್ಸ್’ಗೆ ಬನ್ನಿ. ಡ್ರಮ್ಸ್ ದೂರದಿಂದ ನಡೆದು ಬಂದ ಹಾಗೆ ಮೆಲ್ಲಗೆ ದೊಡ್ಡದಾಗುತ್ತಾ ಬರುತ್ತದೆ. ನನಗೆ ಇವತ್ತಿಗೂ ಮೈ ಜುಂ ಅನ್ನುವ ಜಾಗ ಅದು.

ಗಿಟಾರಿಗೆ ಒಂದು ಕಾಗದ ಬೇಕು. ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛವೇ ರಿಫ್. ಹೊಸ ರಿಫ್ ಬಂದಾಗಲೆಲ್ಲ ಅ, ಆ, ಇ ಅಂತ ಗುರುತು ಹಾಕಿ. ಹಳೆಯದು ಮರಳಿ ಬಂದರೆ ಹಳೆಯ ಅಕ್ಷರವನ್ನೇ ಬರೆಯಿರಿ. ಹಲವು ಹಾಡುಗಳಲ್ಲಿ ಸೋಲೋ, ಅಂದರೆ ಒಂದು ಗಿಟಾರ್ ಮಾತ್ರ ಮುಂದೆ ಬಂದು ನುಡಿಯುವ ಭಾಗ, ಮುಗಿದ ಮೇಲೆ ಶುರುವಿನ ರಿಫ್‌ಗಳು ವಾಪಸ್ ಬರುವುದು ಕಾಗದದ ಮೇಲೆ ಕಣ್ಣಿಗೇ ಕಾಣುತ್ತದೆ. ಈ ಅಭ್ಯಾಸಕ್ಕೆ ‘ಲ್ಯಾಕ್ ಆಫ್ ಕಾಂಪ್ರಹೆನ್ಷನ್’ ಒಳ್ಳೆಯದು. ಶುರುವಿನ ಮೆಲುದನಿಯ ಗಿಟಾರಿಗೂ ಆಮೇಲಿನ ಭಾರದ ರಿಫ್‌ಗೂ ನಡುವಿನ ಗೆರೆ ಸ್ಪಷ್ಟವಾಗಿದೆ.

ಬೇಸ್ ಕೇಳಿಸುತ್ತಲೇ ಇಲ್ಲ ಅಲ್ವಾ? ನಿಮ್ಮ ಕಿವಿಯಲ್ಲಿ ದೋಷವಿಲ್ಲ. ಡಿಸ್ಟಾರ್ಷನ್ ಹಾಕಿದ, ಅಂದರೆ ದನಿಯನ್ನು ಬೇಕೆಂದೇ ಒರಟಾಗಿಸಿದ ಗಿಟಾರ್ ಒಂದೇ ಸ್ವರ ನುಡಿಸಿದರೂ ಅದರ ಮೇಲಿನ ಎಷ್ಟೋ ಕಂಪನಗಳನ್ನು ಜೊತೆಗೆ ಎಬ್ಬಿಸುತ್ತದೆ, ಹಾಗಾಗಿ ತುಂಬಾ ಜಾಗ ಹಿಡಿಯುತ್ತದೆ. ಡೆತ್‌ನವರು ತಂತಿಗಳನ್ನು ಮಾಮೂಲಿಗಿಂತ ಕೆಳಗಿನ ಶ್ರುತಿಗೆ ಇಳಿಸುತ್ತಿದ್ದರು ಬೇರೆ. ಎರಡು ಗಿಟಾರ್ ಹೀಗೆ ಕೆಳಗೆ ಇಳಿದು ಕೂತರೆ ಬೇಸ್‌ಗೆ ಉಳಿಯುವುದು ಸಂದಿಯಷ್ಟೇ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ (ಬೇಸ್ ಡ್ರಮ್) ಬಚಾವಾಗುವುದು ಪೆಡಲಿನ ಏಟಿನ ಚೂಪಾದ ‘ಟಿಕ್’ ಸದ್ದಿನಿಂದ. 2011ರಲ್ಲಿ ರಿಲ್ಯಾಪ್ಸ್ ರೆಕಾರ್ಡ್ಸ್ ಕಂಪನಿ ಈ ಆಲ್ಬಮ್ಮನ್ನು ಸೌಂಡ್ ಎಂಜಿನಿಯರ್ ಜಿಮ್ ಮಾರಿಸ್ ವಾದ್ಯಗಳ ಸದ್ದಿನ ಪ್ರಮಾಣವನ್ನು ಮರುಹೊಂದಿಸಿ ಮಾಡಿದ ಹೊಸ ಮಿಕ್ಸ್‌ನಲ್ಲಿ ಮರುಬಿಡುಗಡೆ ಮಾಡಿತು. ಅದರಲ್ಲಿ ಸ್ಟೀವ್ ಅವರ ಬೆರಳುಗಳು ಕಡೆಗೂ ಕೇಳಿಸುತ್ತವೆ. ಒಂದೇ ಹಾಡನ್ನು ಎರಡೂ ಮಿಕ್ಸ್‌ಗಳಲ್ಲಿ ಬೆನ್ನುಬೆನ್ನಿಗೆ ಕೇಳಿ ನೋಡಿ. ಹೊಸದರಲ್ಲಿ ಬೇಸ್ ಎಲ್ಲಿದೆ ಅಂತ ಗೊತ್ತು ಮಾಡಿಕೊಂಡು ಹಳೆಯದಕ್ಕೆ ಮರಳಿದರೆ ಅಲ್ಲೂ ಅದರ ಸುಳಿವು ಸಿಗುತ್ತದೆ. ಮಿಕ್ಸ್ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಇದರಿಂದಲೇ.

ಸಾಹಿತ್ಯವನ್ನು ಕೊನೆಗೆ ಓದಿ, ಆದರೆ ಓದದೆ ಬಿಡಬೇಡಿ. ಡೆತ್ ಬ್ಯಾಂಡಿನ 1987ರ ಮೊದಲ ಆಲ್ಬಮ್ಮಿನ ತುಂಬ ರಕ್ತ, ಹೆಣಗಳೇ ಇದ್ದವು. ಇಲ್ಲಿ ಚಕ್ ಮನುಷ್ಯರ ಬಗ್ಗೆ ಬರೆದರು. ‘ಟುಗೆದರ್ ಆಸ್ ಒನ್’ ಮೈ ಅಂಟಿಕೊಂಡೇ ಹುಟ್ಟಿದ ಅವಳಿಗಳ ಕುರಿತದ್ದು. ‘ಸುಯಿಸೈಡ್ ಮಷೀನ್’ ಸಾಯುವ ಹಕ್ಕೂ ಸಿಗದೆ ನರಳುವವರ ಕುರಿತದ್ದು.

ಇದಾದ ಮೇಲೆ ಸಿನಿಕ್‌ನ ‘ಫೋಕಸ್’ ಕೇಳಿ, 1993ರದ್ದು. ಪಾಲ್ ಮತ್ತು ಶಾನ್ ಅವರನ್ನು ಅಲ್ಲಿ ಅವರದೇ ಮನೆಯಲ್ಲಿ ಭೇಟಿಯಾದ ಹಾಗಿರುತ್ತದೆ. ಅಲ್ಲೂ ಸ್ನೇರ್‌ನಿಂದಲೇ ಶುರು ಮಾಡಿ.